ತೊಗರಿ ಹೂವಿನ ಮೇಲಿನ ಕೆಂಪು ಹುಳು ಮಿತ್ರನೋ ಶತ್ರುವೋ?

ಪ್ರಶ್ನೆ: ನಮ್ಮದು ಆಳಂದ ತಾಲ್ಲೂಕು. ಕೆಂಪು-ಕಪ್ಪು ಬಣ್ಣದ ಗುಲಗಂಜಿ ಹುಳು ರೈತನ ಮಿತ್ರ, ಕೊಲ್ಲಬೇಡಿ ಎಂದು ಕೇಳಿದ್ದೇವೆ. ನಮ್ಮ ತೊಗರಿಯಲ್ಲಿ ಅದೇ ಬಣ್ಣದ ಹುಳುಗಳು ಹೂವನ್ನೇ ತಿನ್ನುತ್ತಿವೆಯಲ್ಲ?

ಉತ್ತರ: ಹೂವನ್ನು ಕಡಿದು ತಿನ್ನುತ್ತಿದ್ದರೆ ಅದು ಗುಲಗಂಜಿ ಹುಳುವಲ್ಲ. ಗುಲಗಂಜಿ ಹುಳು ಹೆಚ್ಚೆಂದರೆ ಒಂದು ತೊಗರಿ ಕಾಳಿನಷ್ಟು, ಉಬ್ಬಿದ ಬೆನ್ನಿನದು. ನೀವು ಕಂಡದ್ದು ಹೂ ತಿನ್ನುವ ದುಂಬಿ: ಸುಮಾರು ಎರಡು ಸೆಂಟಿಮೀಟರ್ ಉದ್ದ, ಕಪ್ಪು ಮೈ, ಬೆನ್ನಿನ ಮೇಲೆ ಅಡ್ಡಡ್ಡ ಕಿತ್ತಳೆ ಪಟ್ಟೆ.

ಎರಡರ ಬಣ್ಣವೂ ಹಕ್ಕಿಗಳಿಗೆ ಕೊಡುವ ಎಚ್ಚರಿಕೆ. ಮುಟ್ಟಿದರೆ ಎರಡೂ ಕಾಲಿನ ಕೀಲುಗಳಿಂದ ಹಳದಿ ರಸ ಒಸರಿಸುತ್ತವೆ. ಗುಲಗಂಜಿ ಹುಳುವಿನ ರಸ ಕಹಿ. ದುಂಬಿಯ ರಸದಲ್ಲಿ ಕ್ಯಾಂಥರಿಡಿನ್ ಎಂಬ ವಿಷವಿದೆ. ಚರ್ಮಕ್ಕೆ ತಗುಲಿದರೆ ಕೆಲವು ಗಂಟೆಗಳಲ್ಲಿ ನೀರುಗುಳ್ಳೆ ಏಳುತ್ತದೆ. ಚಿಕ್ಕಂದಿನಲ್ಲಿ ಹೊಲದಲ್ಲಿ ಒಂದನ್ನು ಮುಂಗೈ ಮೇಲೆ ಹೊಸಕಿದ್ದೆ, ಆ ಉರಿ ಇನ್ನೂ ನೆನಪಿದೆ. ಗಂಡು ದುಂಬಿ ಈ ವಿಷವನ್ನು ಕೂಡುವಾಗ ಹೆಣ್ಣಿಗೆ ದಾಟಿಸುತ್ತದೆ, ಹೆಣ್ಣು ಅದನ್ನು ಮೊಟ್ಟೆಗಳ ಕಾವಲಿಗೆ ಬಳಸುತ್ತದೆ!

ಹಾಗೆಂದು ದುಂಬಿಯನ್ನು ಬರೀ ಶತ್ರು ಎನ್ನಲು ನನಗೆ ಮನಸ್ಸಿಲ್ಲ. ಅದು ಮಣ್ಣಿನಲ್ಲಿ ಮೊಟ್ಟೆಯಿಡುತ್ತದೆ. ಹೊರಬಂದ ಮರಿ ಚುರುಕಾದ ಕಾಲುಗಳಿಂದ ನೆಲವನ್ನೆಲ್ಲ ಹುಡುಕಿ ಮಿಡತೆಯ ಮೊಟ್ಟೆಗಳ ಗೂಡು ಸೇರುತ್ತದೆ. ಅಲ್ಲಿ ಕಾಲಾಡಿಸುವ ಅಗತ್ಯವೇ ಇಲ್ಲದ ಮೆತ್ತನೆಯ ಹುಳುವಾಗಿ ಮಾರ್ಪಟ್ಟು, ಆ ಮೊಟ್ಟೆಗಳನ್ನೇ ತಿಂದು ಬೆಳೆಯುತ್ತದೆ. ನೆಲದೊಳಗೆ ಉಪಕಾರಿಯಾದದ್ದು ರೆಕ್ಕೆ ಬಂದ ಮೇಲೆ ಹೂವಿಗೆ ಎರಗುತ್ತದೆ. ಹೂ ಹೋದರೆ ಕಾಯಿ ಎಲ್ಲಿಂದ?

ಆದ್ದರಿಂದ ಹೆಚ್ಚಾಗಿದ್ದರೆ ಬೆಳಗಿನ ತಂಪಿನಲ್ಲಿ, ಅವು ಮಂಕಾಗಿರುವಾಗಲೇ, ಕೈಗೆ ಕೈಗವಸು ಹಾಕಿ ಹಿಡಿದು ಸಾಬೂನು ನೀರಿಗೆ ಹಾಕಿ. ಬರಿಗೈಯಿಂದ ಬೇಡ, ಮಕ್ಕಳಿಗಂತೂ ಈ ಕೆಲಸ ಹಚ್ಚಬೇಡಿ. ದನಗಳ ಮೇವಿನಲ್ಲೂ ಸೇರದಂತೆ ನೋಡಿಕೊಳ್ಳಿ. ಹೂವಿನ ಕಾಲದಲ್ಲಿ ಔಷಧಿ ಹೊಡೆದರೆ ಜೇನುನೊಣಗಳೂ ಸಾಯುತ್ತವೆ. ದುಂಬಿಗಳು ಪಕ್ಕದ ಹೊಲದಿಂದ ಮತ್ತೆ ಹಾರಿ ಬರುತ್ತವೆ.

ಗುಲಗಂಜಿ ಹುಳುವನ್ನು ಹುಡುಕಬೇಕಾದದ್ದು ಗಿಡದ ರಸ ಹೀರುವ ಹೇನು ಬಿದ್ದ ಕಡೆ, ಅಂದರೆ ಕುಸುಬೆ, ಜೋಳದಲ್ಲಿ. ತಾಯಿಯೂ ಮರಿಯೂ ಹೇನನ್ನೇ ತಿನ್ನುತ್ತವೆ. ಆದರೆ ಮರಿಗೆ ತಾಯಿಯ ಚೆಲುವಿಲ್ಲ. ಕಪ್ಪಗೆ, ಮುಳ್ಳುಮುಳ್ಳಾಗಿ, ಪುಟ್ಟ ಮೊಸಳೆಯಂತೆ ಇರುವುದರಿಂದ ಬಹಳ ಜನ ಅದನ್ನೇ ಕೀಟವೆಂದು ತಿಳಿದು ಕೊಲ್ಲುತ್ತಾರೆ. ಕುಸುಬೆಯ ತುದಿಗೆ ಕರಿ ಹೇನು ಕಂಡಾಗ, ಪಂಪು ಹೆಗಲಿಗೇರಿಸುವ ಮೊದಲು ಆ ಮರಿಗಳಿವೆಯೇ ಎಂದು ನಾಲ್ಕು ಗಿಡ ಬಗ್ಗಿಸಿ ನೋಡಿ.