ಜಾನಿ ಕ್ಲೆಮ್: ಅಮೆರಿಕದ ಅಂತರ್ಯುದ್ಧದ ಬಾಲಸೈನಿಕನನ್ನು ಓದುವ ಬಗೆ

ಜಾನ್ ಕ್ಲೆಮ್ 1851ರ ಆಗಸ್ಟ್ 13ರಂದು ಅಮೆರಿಕದ ಒಹಾಯೋ ರಾಜ್ಯದ ನೂವಾರ್ಕ್ ಪಟ್ಟಣದಲ್ಲಿ ಹುಟ್ಟಿದ. 1861ರ ಏಪ್ರಿಲ್‌ನಲ್ಲಿ ಅಂತರ್ಯುದ್ಧ ಆರಂಭವಾದಾಗ ಅವನಿಗೆ ಇನ್ನೂ ಹತ್ತು ತುಂಬಿರಲಿಲ್ಲ. ಮನೆ ಬಿಟ್ಟು ಓಡಿಬಂದು ಸೈನ್ಯ ಸೇರಲು ಯತ್ನಿಸಿದ ಹುಡುಗನನ್ನು ಒಹಾಯೋದ ರೆಜಿಮೆಂಟೊಂದು ವಯಸ್ಸು ಸಾಲದೆಂದು ಹಿಂದಕ್ಕೆ ಕಳುಹಿಸಿತು. ಕೊನೆಗೆ, ಬೇರೆಯಾಗಿ ಹೋದ ದಕ್ಷಿಣದ ರಾಜ್ಯಗಳ ವಿರುದ್ಧ ಹೋರಾಡುತ್ತಿದ್ದ ಉತ್ತರದ ಒಕ್ಕೂಟ ಸೇನೆಯ 22ನೇ ಮಿಷಿಗನ್ ಪದಾತಿ ರೆಜಿಮೆಂಟ್ ಅವನನ್ನು ತನ್ನೊಡನೆ ಇರಿಸಿಕೊಂಡಿತು. ಹೆಸರು ಸೈನ್ಯದ ಪಟ್ಟಿಗೆ ಏರದಿದ್ದುದರಿಂದ ಸರ್ಕಾರದ ಸಂಬಳ ಬರುವಂತಿರಲಿಲ್ಲ. ಸಾಮಾನ್ಯ ಸಿಪಾಯಿಗೆ ಸಲ್ಲುತ್ತಿದ್ದ ತಿಂಗಳಿಗೆ 13 ಡಾಲರನ್ನು ಅಧಿಕಾರಿಗಳೇ ತಮ್ಮೊಳಗೆ ವಂತಿಗೆ ಹಾಕಿ ಕೊಡುತ್ತಿದ್ದರು. 1863ರ ಮೇ ತಿಂಗಳಲ್ಲಿ ಅವನ ಸೇರ್ಪಡೆ ವಿಧಿವತ್ತಾಗಿ ದಾಖಲಾಯಿತು.

ಅವನ ಕೆಲಸ ಡ್ರಮ್ ಬಾರಿಸುವುದು. ಇದನ್ನು ಮೆರವಣಿಗೆಯ ಅಲಂಕಾರವೆಂದು ತಿಳಿಯಬಾರದು. ಬೆಳಿಗ್ಗೆ ಪಾಳೆಯವನ್ನು ಎಬ್ಬಿಸುವುದು, ಊಟಕ್ಕೆ ಕರೆಯುವುದು, ಸಾಲುಗೂಡಿಸುವುದು, ಅಪಾಯ ಬಂದಾಗ ಎಲ್ಲರನ್ನೂ ಆಯುಧ ಹಿಡಿದು ನಿಲ್ಲುವಂತೆ ಎಚ್ಚರಿಸುವುದು, ಇವೆಲ್ಲವೂ ಬೇರೆ ಬೇರೆ ಬಡಿತಗಳ ಮೂಲಕವೇ ನಡೆಯುತ್ತಿದ್ದವು. ಗುಂಡಿನ ಸದ್ದಿನಲ್ಲಿ ಅಧಿಕಾರಿಯ ಕೂಗು ಕೇಳದ ಕಡೆಗೂ ಡ್ರಮ್ಮಿನ ಆಜ್ಞೆ ತಲುಪುತ್ತಿತ್ತು. ಕದನ ಬಿರುಸಾದಾಗ ಇದೇ ಹುಡುಗರು ಗಾಯಾಳುಗಳನ್ನು ಹೊತ್ತು ಸಾಗಿಸಲು, ಶಸ್ತ್ರವೈದ್ಯರಿಗೆ ನೆರವಾಗಲು ನಿಲ್ಲಬೇಕಾಗುತ್ತಿತ್ತು. ಹದಿನೆಂಟು ತುಂಬದವರನ್ನು ಹೋರಾಟದ ಸಿಪಾಯಿಗಳಾಗಿ ಸೇರಿಸಿಕೊಳ್ಳಲು ಅಡ್ಡಿಯಿದ್ದರೂ ವಾದ್ಯಗಾರರ ವಿಷಯದಲ್ಲಿ ಸಡಿಲಿಕೆ ಇತ್ತು. ಹದಿನಾರಕ್ಕಿಂತ ಚಿಕ್ಕವರ ಸೇರ್ಪಡೆಯನ್ನು ಅಮೆರಿಕದ ಕಾಂಗ್ರೆಸ್ ನಿಷೇಧಿಸಿದ್ದು 1864ರಲ್ಲಿ, ಅಂದರೆ ಯುದ್ಧ ಮುಕ್ಕಾಲು ಪಾಲು ಮುಗಿದ ಮೇಲೆ. ಮಕ್ಕಳನ್ನು ರಣರಂಗಕ್ಕೆ ಬಿಟ್ಟ ಈ ಸಡಿಲಿಕೆಯನ್ನು ಶೌರ್ಯದ ಕಥೆಗಳ ಹೊಳಪಿನಲ್ಲಿ ಮರೆಯುವುದು ನ್ಯಾಯವಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಕ್ಲೆಮ್‌ಗೆ ‘ಜಾನಿ ಶೈಲೋ’ ಎಂಬ ಅಡ್ಡಹೆಸರಿದೆ. ಶೈಲೋ ಕದನದಲ್ಲಿ ಫಿರಂಗಿ ಗುಂಡೊಂದು ಅವನ ಡ್ರಮ್ಮನ್ನು ಚೂರು ಮಾಡಿತೆಂಬ ಕಥೆ ಇಂದಿಗೂ ಪ್ರಚಾರದಲ್ಲಿದೆ. ಇಲ್ಲಿ ದಿನಾಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ಶೈಲೋ ಕದನ ನಡೆದದ್ದು 1862ರ ಏಪ್ರಿಲ್ 6 ಮತ್ತು 7ರಂದು. 22ನೇ ಮಿಷಿಗನ್ ರೆಜಿಮೆಂಟ್ ರಚನೆಯಾಗಿ ಸೇವೆಗೆ ಸೇರಿದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಆಗಿನ್ನೂ ಹುಟ್ಟದೇ ಇದ್ದ ರೆಜಿಮೆಂಟಿನ ಜೊತೆ ಅವನು ಶೈಲೋದಲ್ಲಿ ಇರಲು ಸಾಧ್ಯವಿಲ್ಲ. ಬೇರೊಂದು ಪಡೆಯ ಬೆನ್ನುಹತ್ತಿ ಹೋಗಿದ್ದನೆಂದು ವಾದಿಸಬಹುದಾದರೂ ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ಪರೀಕ್ಷೆಯಲ್ಲಿ ಈ ಘಟನೆಯನ್ನು ಬರೆಯುವವರು ಅದನ್ನು ದಂತಕಥೆಯೆಂದೇ ಬರೆಯಬೇಕು.

ಚಿಕಮಾಗಾ ಕದನದ ವಿಷಯ ಬೇರೆ. ಜಾರ್ಜಿಯಾ ರಾಜ್ಯದಲ್ಲಿ 1863ರ ಸೆಪ್ಟೆಂಬರ್ 19 ಮತ್ತು 20ರಂದು ನಡೆದ ಈ ಕದನದಲ್ಲಿ ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು, ಸೆರೆಯಾದವರು ಮತ್ತು ಕಾಣೆಯಾದವರು ಸುಮಾರು 34,000 ಮಂದಿ. ಎರಡನೆಯ ದಿನ ಒಕ್ಕೂಟ ಸೇನೆಯ ಸಾಲು ಮುರಿದಾಗ ಜನರಲ್ ಜಾರ್ಜ್ ಥಾಮಸ್ ದಿಣ್ಣೆಗಳ ಮೇಲೆ ನೆಲೆನಿಂತು ಸೇನೆಯನ್ನು ಪೂರ್ಣ ವಿನಾಶದಿಂದ ಉಳಿಸಿದರು. ಆ ದಿಣ್ಣೆಗಳಲ್ಲಿ ಕೊನೆಯವರೆಗೂ ಹೋರಾಡಿದ 22ನೇ ಮಿಷಿಗನ್ ಸಂಜೆಯ ಹೊತ್ತಿಗೆ ಬಹುಪಾಲು ನಾಶವಾಗಿ, ಉಳಿದವರಲ್ಲಿ ಅನೇಕರು ಸೆರೆಯಾದರು. ಹನ್ನೆರಡು ವರ್ಷದ ಕ್ಲೆಮ್ ಕೈಯಲ್ಲಿ ಅವನ ಎತ್ತರಕ್ಕೆ ತಕ್ಕಂತೆ ಕತ್ತರಿಸಿ ಗಿಡ್ಡ ಮಾಡಿದ ಬಂದೂಕಿತ್ತು ಎನ್ನುತ್ತಾರೆ. ಶರಣಾಗುವಂತೆ ಗದರಿದ ದಕ್ಷಿಣದ ಕರ್ನಲ್‌ನೊಬ್ಬನನ್ನು ಅವನು ಅದರಿಂದಲೇ ಹೊಡೆದುರುಳಿಸಿ ಪಾರಾದನೆಂಬ ಸುದ್ದಿ ಪತ್ರಿಕೆಗಳಲ್ಲಿ ಹರಡಿ ಅವನನ್ನು ದೇಶಕ್ಕೆಲ್ಲ ಪರಿಚಯಿಸಿತು. ಆ ಕರ್ನಲ್ ಯಾರೆಂಬುದು ಖಚಿತವಾಗಿಲ್ಲ, ಆದ್ದರಿಂದ ಇತಿಹಾಸಕಾರರು ಈ ಗುಂಡಿನ ಕಥೆಯನ್ನು ಸಂಶಯದಿಂದಲೇ ನೋಡುತ್ತಾರೆ. ಅವನು ಆ ಕದನದಲ್ಲಿ ಇದ್ದುದು ಮತ್ತು ಅನಂತರ ಸಾರ್ಜೆಂಟ್ ಆದದ್ದು ಮಾತ್ರ ನಿಜ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ರೈಲಿನ ಕಾವಲಿಗಿದ್ದಾಗ ದಕ್ಷಿಣದ ಕುದುರೆಪಡೆ ಅವನನ್ನು ಸೆರೆಹಿಡಿಯಿತು. ಉತ್ತರದವರು ಎಳೆಯ ಮಕ್ಕಳನ್ನೂ ಯುದ್ಧಕ್ಕೆ ಕಳುಹಿಸುವಷ್ಟು ಸೋತಿದ್ದಾರೆಂದು ತೋರಿಸಲು ದಕ್ಷಿಣದ ಪತ್ರಿಕೆಗಳು ಅವನನ್ನು ಬಳಸಿಕೊಂಡವು. ಹೀಗೆ ಎರಡೂ ಪಕ್ಷಗಳಿಗೆ ಒಂದೇ ಹುಡುಗ ಪ್ರಚಾರದ ಸರಕಾದ. ಕೈದಿಗಳ ವಿನಿಮಯದಲ್ಲಿ ಬಿಡುಗಡೆಯಾಗಿ ಮರಳಿದ, ಯುದ್ಧದಲ್ಲಿ ಒಟ್ಟು ಎರಡು ಬಾರಿ ಗಾಯಗೊಂಡಿದ್ದ ಅವನು 1864ರ ಸೆಪ್ಟೆಂಬರ್‌ನಲ್ಲಿ ಸೇವೆಯಿಂದ ಮುಕ್ತನಾದ.

ಹೆಚ್ಚಿನ ಬರಹಗಳು ಇಲ್ಲಿಗೇ ನಿಲ್ಲುತ್ತವೆ, ಆದರೆ ಕ್ಲೆಮ್ ಅವರ ಸೇವೆಯ ದೊಡ್ಡ ಭಾಗ ಇದರ ಮುಂದಿದೆ. 1870ರಲ್ಲಿ ಪ್ರೌಢಶಾಲೆ ಮುಗಿಸಿದ ಕ್ಲೆಮ್ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಓದುವ ವಯಸ್ಸನ್ನು ಯುದ್ಧ ತಿಂದುಹಾಕಿತ್ತು. ಅಧ್ಯಕ್ಷ ಗ್ರ್ಯಾಂಟ್ 1871ರಲ್ಲಿ ಅವರನ್ನು ನೇರವಾಗಿ ಸೆಕೆಂಡ್ ಲೆಫ್ಟಿನೆಂಟ್ ಆಗಿ, ಕಪ್ಪು ಸೈನಿಕರ 24ನೇ ಪದಾತಿ ರೆಜಿಮೆಂಟಿಗೆ ನೇಮಿಸಿದರು. ಅನಂತರದ ದಶಕಗಳಲ್ಲಿ ಅವರ ಕೆಲಸ ಬಹುಮಟ್ಟಿಗೆ ಸೇನೆಯ ಸರಬರಾಜು ವಿಭಾಗದಲ್ಲಿ ಸಾಗಿತು: ಆಹಾರ, ಬಟ್ಟೆ, ಸಾಗಣೆ, ಲೆಕ್ಕಪತ್ರ. 1915ರಲ್ಲಿ 64 ವರ್ಷ ತುಂಬಿ ಬ್ರಿಗೇಡಿಯರ್ ಜನರಲ್ ಆಗಿ ನಿವೃತ್ತರಾದಾಗ, ಸೇನೆಯ ಸಕ್ರಿಯ ಸೇವೆಯಲ್ಲಿ ಉಳಿದಿದ್ದ ಅಂತರ್ಯುದ್ಧದ ಕೊನೆಯ ಯೋಧರು ಅವರೇ. ಮರುವರ್ಷ ಮೇಜರ್ ಜನರಲ್ ಪದವಿ ದೊರೆಯಿತು. 1937ರಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ ತೀರಿಕೊಂಡ ಅವರನ್ನು ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಸಮಾಧಿ ಮಾಡಲಾಯಿತು.