ಕಣದಿಂದ ಹೋದ ಮೆಣಸು ಯಾರ ಲೆಕ್ಕದಲ್ಲಿದೆ?

ಪ್ರಶ್ನೆ: ನಮ್ಮ ಕಡೆ ಕಾಫಿ, ಮೆಣಸು ಕದಿಯುವುದು ನಿಂತೇ ಇಲ್ಲ. ಹೀಗಿರುವಾಗ ಕಳವು ಪ್ರಕರಣ ಇಳಿದಿದೆ ಎಂದು ಪೇಪರಿನಲ್ಲಿ ಬಂದರೆ ನಂಬುವುದು ಹೇಗೆ? ಲೆಕ್ಕ ಸುಳ್ಳೋ, ನಾವು ಸುಳ್ಳೋ? (ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು)

ಇಬ್ಬರದೂ ಸುಳ್ಳಾಗಬೇಕಿಲ್ಲ. ನೀವು ಎಣಿಸುವುದು ಕಣದಿಂದ ಹೋದ ಚೀಲ, ಅವರು ಎಣಿಸುವುದು ಠಾಣೆಯಲ್ಲಿ ದಾಖಲಾದ ಎಫ್‌ಐಆರ್. ನಮ್ಮಲ್ಲಿ ತೋಟಕ್ಕೂ ಒಬ್ಬ ರೈಟರ್ (ಲೆಕ್ಕ ಬರೆಯುವವ), ಠಾಣೆಗೂ ಒಬ್ಬ ರೈಟರ್. ತೋಟದ ರೈಟರ್ ಹಾಜರಿ ಹಾಕದಿದ್ದರೆ ದಿನವಿಡೀ ಹಣ್ಣು ಕುಯ್ದ ಆಳಿಗೂ ಬಟವಾಡೆ ಇಲ್ಲ. ಠಾಣೆಯ ರೈಟರ್ ಬರೆಯದ ಕಳವಿನ ಗತಿಯೂ ಅದೇ.

ಠಾಣೆಗಳ ಲೆಕ್ಕ ಜಿಲ್ಲೆ, ರಾಜ್ಯ ದಾಟಿ ದೆಹಲಿಯ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಸೇರುತ್ತದೆ. ಅದರ ವಾರ್ಷಿಕ ವರದಿಗೆ ಹೋಗುವುದು ಸಂಜ್ಞೇಯ ಅಪರಾಧಗಳು, ಅಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆಗೆ ಕಾಯದೆ ಪೊಲೀಸರು ತನಿಖೆ ಶುರು ಮಾಡಬಹುದಾದವು. ನಿಮ್ಮ ಮೆಣಸು ಜಾರಿಹೋಗುವುದು ಇಲ್ಲೇ. 2024ರ ಜುಲೈ 1ರಂದು ಹೊಸ ಅಪರಾಧ ಕಾನೂನು ಸಂಹಿತೆಗಳು ಜಾರಿಯಾದ ಮೇಲೆ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲಿನ ಸಾದಾ ಕಳವು ಅಸಂಜ್ಞೇಯ ಅಪರಾಧ. ಮನೆಯಿಂದಲೋ ಗೋದಾಮಿನಿಂದಲೋ ಕದ್ದರೆ ಕಲಮೇ ಬೇರೆ. ಬಯಲ ಕಣಕ್ಕೆ ಆ ರಕ್ಷಣೆಯಿಲ್ಲ. ಕೆಜಿಗೆ 600 ರೂಪಾಯಿ ಎಂದು ಹಿಡಿಯಿರಿ, ಎಂಟು ಕೆಜಿ ಮೆಣಸಿಗೆ 4,800 ಆಯಿತು. ಕಳ್ಳ ತೂಕ ಗೊತ್ತಿದ್ದವನಾದರೆ ಎಫ್‌ಐಆರ್ ಹುಟ್ಟುವುದೇ ಇಲ್ಲ.

ಹೆಚ್ಚು ಹೋದರೂ ಎಷ್ಟು ಮಂದಿ ಠಾಣೆ ಮೆಟ್ಟಿಲು ಹತ್ತುತ್ತಾರೆ? ಕುಯ್ಲಿನ ಹೊತ್ತಿನಲ್ಲಿ ಆಳು ಬಿಟ್ಟು ಅಲೆಯಲು ಪುರಸೊತ್ತಿಲ್ಲ. ಹೋದವರದೂ ಬರೀ ಅರ್ಜಿಯಾಗಿ, ಒಂದು ಹಿಂಬರಹದಲ್ಲಿ ಮುಗಿಯುವುದುಂಟು. ಸಂಜ್ಞೇಯ ಅಪರಾಧದ ದೂರು ಬಂದರೆ ಎಫ್‌ಐಆರ್ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಆದರೆ ಪ್ರಕರಣ ಏರಿದರೆ ಮೇಲಧಿಕಾರಿ ಪ್ರಶ್ನಿಸುವ ವ್ಯವಸ್ಥೆಯಲ್ಲಿ ಬರೆದುಕೊಳ್ಳುವ ಕೈ ಹಿಂಜರಿದರೆ ಆಶ್ಚರ್ಯವೇನು?

ಲೆಕ್ಕ ಇನ್ನೊಂದು ದಿಕ್ಕಿಗೂ ವಾಲುತ್ತದೆ. 2020ರಲ್ಲಿ ದೇಶದ ಒಟ್ಟು ಪ್ರಕರಣ ಸುಮಾರು 51.5 ಲಕ್ಷದಿಂದ 66 ಲಕ್ಷಕ್ಕೆ ಜಿಗಿಯಿತು. ಎಲ್ಲರೂ ಮನೆಯೊಳಗೆ ಬಾಗಿಲು ಹಾಕಿಕೊಂಡಿದ್ದ ವರ್ಷ ಅದು! ಲಾಕ್‌ಡೌನ್ ಆದೇಶ ಮುರಿದವರ ಮೇಲೆ ಹಾಕಿದ, ಹಳೆಯ ಐಪಿಸಿಯ 188ನೇ ಕಲಮಿನ ಕೇಸುಗಳೇ ಆರು ಲಕ್ಷ ದಾಟಿದ್ದವು. ಕಳವು ಆ ವರ್ಷ ಇಳಿದಿತ್ತು.

ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತಿ ದೊಡ್ಡದನ್ನು ಮಾತ್ರ ಎಣಿಸುವ ನಿಯಮವೂ ಇದೆ. ಹಿಂದೆ ಅತ್ಯಾಚಾರ ಮಾಡಿ ಕೊಂದರೆ ವರದಿಯಲ್ಲಿ ಅದು ಕೊಲೆ ಮಾತ್ರ ಆಗಿರುತ್ತಿತ್ತು. ಲಕ್ಷ ಜನಸಂಖ್ಯೆಗೆ ಇಷ್ಟು ಎಂಬ ದರದಲ್ಲಿ ಭಾಗಿಸುವುದು ಊರಿನವರ ಸಂಖ್ಯೆಯಿಂದ. 2011ರ ಜನಗಣತಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯವರು 11.38 ಲಕ್ಷ. ವಾರಾಂತ್ಯಕ್ಕೆ ಮುಳ್ಳಯ್ಯನಗಿರಿಗೆ ನುಗ್ಗುವ ಪ್ರವಾಸಿಗರು ಈ ಲೆಕ್ಕದಲ್ಲಿಲ್ಲ, ಅವರ ಗಲಾಟೆಯ ಕೇಸು ಮಾತ್ರ ನಮ್ಮ ಖಾತೆಗೆ.

ಠಾಣೆಯನ್ನು ಬದಿಗಿಟ್ಟು ಮನೆಮನೆಗೆ ಹೋಗಿ ಕೇಳಿದರೆ ಬೇರೆಯೇ ಚಿತ್ರ ಕಾಣುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ ಕರ್ನಾಟಕದ ವಿವಾಹಿತೆಯರಲ್ಲಿ ಸುಮಾರು ಶೇ 44ರಷ್ಟು ಮಂದಿ ಗಂಡನ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ದೇಶದಲ್ಲಿ ಹಿಂಸೆಗೊಳಗಾದ ಹೆಂಗಸರ ಪೈಕಿ ಯಾರ ಬಳಿಯಾದರೂ ನೆರವು ಕೇಳಿದವರು ಶೇ 14 ಮಾತ್ರ. ಹೆಚ್ಚಿನವರು ಕೇಳಿದ್ದು ತವರಿನವರ ಬಳಿ, ಪೊಲೀಸರ ಬಳಿಯಲ್ಲ.

ಹಾಗಾದರೆ ಯಾವ ಅಂಕಿ ನಂಬಲಿ ಎಂದರೆ, ಮೊದಲು ಕೊಲೆಯದು ನೋಡಿ. ಹೆಣ ಬಚ್ಚಿಡುವುದು ಸುಲಭವಲ್ಲ. ಆಮೇಲೆ ವಾಹನ ಕಳವಿನದು. ಎಫ್‌ಐಆರ್ ಇಲ್ಲದೆ ಇನ್ಶೂರೆನ್ಸ್ ದುಡ್ಡು ಸಿಗುವುದಿಲ್ಲವಾದ್ದರಿಂದ ಬೈಕ್ ಕಳೆದುಕೊಂಡವರು ಹಟ ಹಿಡಿದು ಬರೆಸುತ್ತಾರೆ. ಕಣದಲ್ಲಿ ಒಣಗುವ ಮೆಣಸಿಗೆ ಇನ್ಶೂರೆನ್ಸ್ ಮಾಡಿಸಿದವರನ್ನು ನಾನಂತೂ ನೋಡಿಲ್ಲ.