ಕಥೆ ಗೊತ್ತಿದ್ದರೆ ಕಬುಕಿ ಹಾಳಾಗಲ್ಲ

ಇಂಗ್ಲಿಷ್ ಮಾತಾಡುವ ಹೊಸಬರನ್ನು ಟೋಕಿಯೊದಲ್ಲಿ ಜಪಾನಿನ ಹಳೇ ಆಟಗಳಾದ ಕಬುಕಿ (ವೇಷ, ಕುಣಿತದ ನಾಟಕ), ನೋ (ಮುಖವಾಡದ ನಿಧಾನ ನಾಟಕ), ಬುನ್ರಾಕು (ಗೊಂಬೆಯಾಟ) ಇವುಗಳಿಗೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಅಮೆರಿಕದವರು, ಆಸ್ಟ್ರೇಲಿಯಾದವರು ಬರುತ್ತಾರೆ. ಆಫೀಸ್ ಕೆಲಸಕ್ಕೆ ಅಂತ ಬಂದ ಬೆಂಗಳೂರಿನವರೂ ಬರುತ್ತಾರೆ. ಯಾವ ಊರಿನವರಾದರೂ ಬಾಗಿಲಲ್ಲೇ ಒಂದು ಮಾತು ಹೇಳುತ್ತಾರೆ: "ಕಥೆ ಮಾತ್ರ ಹೇಳಬೇಡಿ, ಸ್ಪಾಯ್ಲರ್ ಆಗುತ್ತೆ."

ಅಯ್ಯೋ, ಈ ಸ್ಪಾಯ್ಲರ್ ಭಯ! ಗದಾಯುದ್ಧದ ಆಟಕ್ಕೆ ಹೋದವರು ಯಾರಾದರೂ "ಕೌರವ ಸಾಯ್ತಾನಾ, ಈಗಲೇ ಹೇಳಬೇಡಿ" ಅಂತಾರಾ? ಕೌರವನ ವೇಷ ಯಾರದು, ಸರೋವರದಿಂದ ಮೇಲೆದ್ದು ಬರುವಾಗ ಅವರು ಹೇಗೆ ಮಾಡಿದರು ಅಂತ ನೋಡೋಕೆ ಹೋಗುತ್ತಾರೆ. ಕಬುಕಿ ನೋಡುವವರೂ ಅಷ್ಟೆ. ಇದನ್ನು ಎಷ್ಟು ಹೇಳಿದರೂ ನನ್ನ ಗಿರಾಕಿಗಳು ತಲೆಯಾಡಿಸಿ, ಒಳಗೆ ಹೋಗಿ, ಇಂಗ್ಲಿಷ್ ಕ್ಯಾಪ್ಷನ್ ತೋರಿಸುವ ಪರದೆಯನ್ನು ಕೈಯಲ್ಲಿ ಹಿಡಿದು ತಲೆ ತಗ್ಗಿಸಿಬಿಡುತ್ತಾರೆ. ರಂಗದ ಮೇಲೆ ಮರದ ತುಂಡುಗಳಿಂದ ಹಲಗೆಗೆ ಟಪ್ ಟಪ್ ಅಂತ ಬಡಿಯುತ್ತಾರೆ. ನಟ ಕತ್ತು ತಿರುಗಿಸಿ, ಕಣ್ಣು ಅಗಲಿಸಿ, ಒಂದು ಗಳಿಗೆ ಕಲ್ಲಾಗಿ ನಿಲ್ಲುತ್ತಾನೆ. ಮೇಲಿನ ಮಹಡಿಯಿಂದ ಯಾರೋ ಹಳೇ ಅಭಿಮಾನಿ ಆ ನಟನ ಮನೆತನದ ಹೆಸರು ಕೂಗುತ್ತಾನೆ. ಆಗ ನಮ್ಮವರು ತಲೆ ಎತ್ತುತ್ತಾರೆ. ಅಷ್ಟರಲ್ಲಿ ಮುಗಿದಿರುತ್ತದೆ. "ಏನಾಯ್ತು?" ಅಂತ ನನ್ನನ್ನು ಕೇಳುತ್ತಾರೆ.

ಕಥೆ ಗೊತ್ತಿಲ್ಲದಿದ್ದರೆ ಏನು ಕಳೆದುಕೊಳ್ಳುತ್ತೀರಿ ಅನ್ನುವುದಕ್ಕೆ 'ಕುಮಗಾಯ್ ಬಿಡಾರ' ಅನ್ನುವ ಅಂಕವನ್ನೇ ತೆಗೆದುಕೊಳ್ಳಿ. ಇದರ ಗುಟ್ಟನ್ನು ಇಲ್ಲಿ ಬಿಚ್ಚಿಡುತ್ತಿದ್ದೇನೆ. ಬೇಡ ಅನ್ನುವವರಿಗಾಗಿಯೇ ಬಿಚ್ಚಿಡುತ್ತಿದ್ದೇನೆ.

1184ರ ಇಚಿನೊತಾನಿ ಯುದ್ಧ. ಕುಮಗಾಯ್ ಅನ್ನುವ ಯೋಧ ಶತ್ರುಪಕ್ಷದ ಹುಡುಗ ಅತ್ಸುಮೋರಿಯ ತಲೆ ಕಡಿದ ಅನ್ನುವುದು ಜಪಾನಿನಲ್ಲಿ ಮಕ್ಕಳಿಗೂ ಗೊತ್ತಿರುವ ಹಳೇ ಕಥೆ. ನಾಟಕ ಬರೆದವರು ಅದನ್ನು ತಿರುಚಿದರು. ಇಲ್ಲಿ ಅತ್ಸುಮೋರಿ ಅರಸನ ರಕ್ತದವನು, ಅವನನ್ನು ಉಳಿಸಬೇಕು. ಸೇನಾಪತಿ ಯೋಶಿತ್ಸುನೆ ಬಾಯಿಬಿಟ್ಟು ಹೇಳದೆ, ಚೆರ್ರಿ ಮರದ ಪಕ್ಕ ಒಂದು ಫಲಕ ನೆಡಿಸಿ ಸೂಚನೆ ಕೊಡುತ್ತಾನೆ. ಕುಮಗಾಯ್‌ಗೆ ಸೂಚನೆ ಅರ್ಥವಾಗುತ್ತದೆ. ಅವನು ಅತ್ಸುಮೋರಿಯ ಬದಲು 16 ವರ್ಷದ ತನ್ನ ಮಗನನ್ನೇ ಕೊಂದು, ಆ ತಲೆಯನ್ನು ಪೆಟ್ಟಿಗೆಯಲ್ಲಿ ತರುತ್ತಾನೆ.

ಇದು ಗೊತ್ತಿಲ್ಲದೆ ಕೂತರೆ ಮೊದಲು ಕಾಣುವುದು ಏನು? ಪ್ರೇಕ್ಷಕರ ನಡುವೆ ಹಾದುಹೋಗುವ 'ಹನಮಿಚಿ' ಹಾದಿಯಲ್ಲಿ ದಪ್ಪ ಆಳೊಬ್ಬ ನಿಧಾನವಾಗಿ ನಡೆದು ಬರುತ್ತಾನೆ. ಕೈಯಲ್ಲಿ ಜಪಮಣಿ. ನಡುವೆ ನಿಲ್ಲುತ್ತಾನೆ. "ಸ್ಲೋ" ಅಂತ ನೀವು ಗೊಣಗುತ್ತೀರಿ. ಗೊತ್ತಿದ್ದು ಕೂತರೆ, ಮಗನ ತಲೆ ತಾನೇ ಕಡಿದ ಅಪ್ಪ ಬರುತ್ತಿದ್ದಾನೆ. ಬಿಡಾರದಲ್ಲಿ, ಬರಬೇಡ ಅಂದಿದ್ದರೂ ಬಂದು ಕೂತಿರುವ ಹೆಂಡತಿ ಸಾಗಾಮಿ. ಪಕ್ಕದಲ್ಲಿ ಅತ್ಸುಮೋರಿಯ ತಾಯಿ. ಇಬ್ಬರ ಎದುರೂ ಅವನು ಸಮುದ್ರತೀರದ ಕಾಳಗವನ್ನು ಬೀಸಣಿಗೆ ಹಿಡಿದು ವರ್ಣಿಸಬೇಕು. ಬಾಯಲ್ಲಿ ಅತ್ಸುಮೋರಿಯ ಹೆಸರು, ಮನಸ್ಸಿನಲ್ಲಿ ಮಗ. ಅಳುತ್ತಿರುವ ತಾಯಿ ಮಗನನ್ನು ಕಳೆದುಕೊಂಡಿಲ್ಲ, ಅವಳನ್ನು ಸಮಾಧಾನ ಮಾಡುತ್ತಿರುವ ತಾಯಿ ಕಳೆದುಕೊಂಡಿದ್ದಾಳೆ. ಅವಳಿಗೆ ಅದು ಗೊತ್ತಿಲ್ಲ, ಗಂಡನಿಗೆ ಗೊತ್ತು, ನಿಮಗೂ ಗೊತ್ತಿರಬೇಕು. ಆ ಹೊತ್ತಿನ ಅಭಿನಯವೆಲ್ಲ ನಿಂತಿರುವುದು ಅದರ ಮೇಲೆ. ಕ್ಯಾಪ್ಷನ್ನಿನಲ್ಲಿ ಬರುವುದು ಕಾಳಗದ ವಿವರ ಮಾತ್ರ. ಸುಳ್ಳು ವಿವರ!

ಪೆಟ್ಟಿಗೆ ತೆರೆದಾಗ ಸಾಗಾಮಿ ನುಗ್ಗಿ ಬರುತ್ತಾಳೆ. ಕುಮಗಾಯ್ ಅದೇ ಫಲಕವನ್ನು ಹಿಡಿದು ಇಬ್ಬರು ಹೆಂಗಸರನ್ನೂ ತಡೆದು ನಿಲ್ಲುತ್ತಾನೆ. ಕಬುಕಿಯ ಬಹಳ ಹೆಸರಾದ ಭಂಗಿಗಳಲ್ಲಿ ಇದೂ ಒಂದು. "ಈಗ ಗೊತ್ತಾಯ್ತಲ್ಲ, ಟ್ವಿಸ್ಟ್ ಚೆನ್ನಾಗಿದೆ" ಅಂತ ಒಬ್ಬರು ಹೇಳಿದ್ದರು. ಚೆನ್ನಾಗಿದೆ ನಿಜ. ಆದರೆ ಅದಕ್ಕೆ ಮುಂಚಿನ ಅಷ್ಟೂ ಹೊತ್ತಿನ ಅಭಿನಯವನ್ನು ಆ ಟ್ವಿಸ್ಟಿಗಾಗಿ ಎಸೆದರಲ್ಲ, ಅದು ನನಗೆ ಹೊಟ್ಟೆ ಉರಿ.

ಒಂದು ಮಾತು ಒಪ್ಪುತ್ತೇನೆ. 1751ರಲ್ಲಿ ಒಸಾಕಾದಲ್ಲಿ ಇದನ್ನು ಗೊಂಬೆಯಾಟವಾಗಿ ಮೊದಲು ಆಡಿದಾಗ ತಲೆ ಬದಲಾದದ್ದು ಜನರಿಗೆ ಅಚ್ಚರಿ ಆಗಿದ್ದಿರಲೇಬೇಕು. ಬರೆದವರು ಅದಕ್ಕಾಗಿಯೇ ಬರೆದಿದ್ದಾರೆ. ಅದಾಗಿ 270 ವರ್ಷ ದಾಟಿತು. ಈಗ ಪಕ್ಕದ ಸೀಟಿನ ಅಜ್ಜಿ ನೋಡುವುದು ಬೇರೆಯದನ್ನೇ. ಡಂಜುರೊ ಅನ್ನುವ ಕಬುಕಿ ನಟರ ಮನೆತನದ ಸಂಪ್ರದಾಯದಲ್ಲಿ ಕುಮಗಾಯ್ ಕೊನೆಗೆ ಸನ್ಯಾಸಿಯಾಗಿ, ಪರದೆ ಬಿದ್ದ ಮೇಲೆ, ಹನಮಿಚಿಯಲ್ಲಿ ಒಬ್ಬನೇ ಹೊರಟುಹೋಗುತ್ತಾನೆ. ಶಿಕಾನ್ ಅನ್ನುವ ಇನ್ನೊಂದು ನಟರ ಸಾಲಿನ ಸಂಪ್ರದಾಯದಲ್ಲಿ ಎಲ್ಲರೂ ರಂಗದ ಮೇಲೆ ನಿಂತಿರುವಾಗಲೇ ಪರದೆ ಬೀಳುತ್ತದೆ. ಈ ಸಲ ಯಾವುದು, ಈ ನಟ ಅವರಪ್ಪನಿಗಿಂತ ಹೇಗೆ ಮಾಡಿದ, ಇದೇ ಅಜ್ಜಿಯ ಲೆಕ್ಕ.

ಇನ್ನೊಂದು ತೊಂದರೆ. ಹೆಚ್ಚಿನ ದಿನ ನೀವು ಇಡೀ ನಾಟಕ ನೋಡುತ್ತಲೇ ಇಲ್ಲ. 1748ರ 'ಚುಶಿಂಗುರಾ'ಕ್ಕೆ 11 ಅಂಕ. ಪೂರ್ತಿ ಆಡುವುದು ಅಪರೂಪ. ಒಂದು ನಾಟಕದ ಒಂದು ಅಂಕ, ಒಂದು ಕುಣಿತ, ಇನ್ನೊಂದು ನಾಟಕದ ಇನ್ನೊಂದು ಅಂಕ, ಹೀಗೆ ಆರಿಸಿ ಜೋಡಿಸುತ್ತಾರೆ. ಹಿಂದೆ ಏನಾಗಿತ್ತು ಅಂತ ರಂಗದ ಮೇಲೆ ಯಾರೂ ಹೇಳಲ್ಲ. ಮುಂದೇನು ಅಂತಲೂ ಹೇಳಲ್ಲ. ಇಲ್ಲದ ಕ್ಲೈಮ್ಯಾಕ್ಸಿಗೆ ಕಾಯುತ್ತಾ ಕೂತವರ ಮುಖ ನೋಡಬೇಕು ನೀವು.

ಮಾತು ಅರ್ಥವಾಗಲ್ಲ ಅನ್ನುವ ಸಂಕೋಚವೂ ಬೇಡ. ಹಳೇ ಜಪಾನಿ ಭಾಷೆ ಜಪಾನಿನವರಿಗೂ ಕಷ್ಟ. ಅವರೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಜಪಾನಿಯಲ್ಲೇ ವಿವರಣೆ ಕೇಳುತ್ತಾರೆ. ಒಸಾಕಾದ ರಾಷ್ಟ್ರೀಯ ಬುನ್ರಾಕು ರಂಗಮಂದಿರದಲ್ಲಿ ಹಾಡುವ ಸಾಲುಗಳನ್ನು ಜಪಾನಿ ಅಕ್ಷರಗಳಲ್ಲಿ ಮೇಲೆ ತೋರಿಸುತ್ತಾರೆ.

ಮಲೆನಾಡಿನ ಒಬ್ಬರು ಅಮ್ಮ, ಟೋಕಿಯೊದಲ್ಲಿರುವ ಮಗಳ ಮನೆಗೆ ಬಂದಿದ್ದರು. ಇಂಗ್ಲಿಷ್ ಅಷ್ಟಕ್ಕಷ್ಟೆ. ಅವತ್ತು 'ನರುಕಾಮಿ' ಇತ್ತು. ನಾನು ಕನ್ನಡದಲ್ಲಿ ಕಥೆ ಶುರು ಮಾಡಿದೆ, ಮಗಳು ಎರಡೂ ಕಿವಿಗೆ ಕೈ ಇಟ್ಟುಕೊಂಡಳು. ಅಮ್ಮ ಎರಡೇ ನಿಮಿಷದಲ್ಲಿ, "ಇದು ಋಷ್ಯಶೃಂಗ ಅಲ್ವಾ?" ಅಂದರು. ಹೌದು, ಅವನೇ. ಬೌದ್ಧ ಗ್ರಂಥಗಳ ಜೊತೆ ಚೀನಾ ದಾಟಿ ಜಪಾನಿಗೆ ಬಂದ. ಅಲ್ಲಿ 'ಇಕ್ಕಾಕು ಸೆನ್ನಿನ್' ಅನ್ನುವ ನೋ ನಾಟಕದಲ್ಲಿ ಒಂದು ಕೊಂಬಿನ ಋಷಿಯಾದ. 1742ರ ಕಬುಕಿಯಲ್ಲಿ ನರುಕಾಮಿ ಅನ್ನುವ ಸನ್ಯಾಸಿಯಾದ. ಅರಮನೆಯ ಮೇಲಿನ ಸಿಟ್ಟಿಗೆ ಇವನು ಮಳೆಯ ನಾಗದೇವತೆಯನ್ನು ಜಲಪಾತದ ಹಿಂದೆ ಕಟ್ಟಿಹಾಕುತ್ತಾನೆ. ನಾಡಿಗೆ ಬರ. ಅರಮನೆಯಿಂದ ಬಂದ ಚೆಲುವೆ ಅವನಿಗೆ ಕುಡಿಸಿ, ಮಲಗಿಸಿ, ಬಂಡೆ ಹತ್ತಿ ಮಂತ್ರದ ಹಗ್ಗ ಕತ್ತರಿಸುತ್ತಾಳೆ. ನಾಗ ಮೇಲೇರುತ್ತದೆ, ಮಳೆ ಸುರಿಯುತ್ತದೆ.

ಅಮ್ಮ ಆಟ ಮುಗಿಯುವವರೆಗೂ ಕಣ್ಣು ಕೀಳಲಿಲ್ಲ. ಬಂಡೆ ಹತ್ತುವಾಗ ಆ ಹೆಣ್ಣುವೇಷ ಹೇಗೆ ಜಾರಿತು, ಎಲ್ಲಿ ಅಂಜಿತು, ಎಲ್ಲವನ್ನೂ ಆಮೇಲೆ ಮಾಡಿ ತೋರಿಸಿದರು. ಆ ವೇಷ ಹಾಕಿದ್ದು ಗಂಡಸು ಅಂತ ನಂಬಲೇ ಇಲ್ಲ. ಮಗಳು ಕೇಳಿದ್ದು, "ನಾಗ ಯಾವಾಗ ಬಂತು?" ಅವಳು ಆಗ ಕ್ಯಾಪ್ಷನ್ ಓದುತ್ತಿದ್ದಳು, ಪಾಪ. ಹಿಗಾಶಿ ಗಿಂಜಾ ಸ್ಟೇಷನ್ನಿನವರೆಗೂ ಅಮ್ಮನ ತಕರಾರು ಒಂದೇ: "ನಮ್ಮ ಋಷ್ಯಶೃಂಗ ಮಳೆ ತಂದವನು. ಮಳೆ ಬರದಿದ್ದರೆ ಈಗಲೂ ಕಿಗ್ಗದಲ್ಲಿ ಪೂಜೆ ಮಾಡಿಸ್ತಾರೆ. ಇವರು ಅವನನ್ನು ಮಳೆ ಕಟ್ಟಿದವನನ್ನಾಗಿ ಮಾಡಿದ್ದಾರಲ್ಲ, ಇದು ನ್ಯಾಯವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಇಂಥ ಜಗಳ ತೆಗೆಯುವ ಗಿರಾಕಿ ಸಿಕ್ಕರೆ ಅವತ್ತು ನನಗೆ ಹಬ್ಬ.

ನೋ ಬಗ್ಗೆ ಜಾಸ್ತಿ ಹೇಳಲ್ಲ. ಮೊದಲ ಸಲಕ್ಕೆ ಎಲ್ಲರಿಗೂ ಅದು ಹೊಂದಲ್ಲ. ನಿದ್ದೆ ಬಂದರೆ ತಪ್ಪೇನಿಲ್ಲ, ಜಪಾನಿನವರೂ ತೂಕಡಿಸುತ್ತಾರೆ. ಆದರೆ ಅಲ್ಲಿ ಕಥೆ ಗೊತ್ತಿರುವುದು ಇನ್ನೂ ಮುಖ್ಯ. 'ಆಒಯಿ ನೊ ಉಎ'ಯಲ್ಲಿ ಕಾಯಿಲೆ ಬಿದ್ದ ಆಒಯಿ ಅನ್ನುವ ಹೆಂಗಸಿನ ಪಾತ್ರವನ್ನು ಯಾರೂ ಮಾಡಲ್ಲ. ರಂಗದ ಮುಂದೆ ಮಡಿಸಿಟ್ಟ ಒಂದು ಕಿಮೊನೊನೇ ಅವಳು. ಸವತಿಯ ಆತ್ಮ ಬಂದು ಹೊಡೆಯುವುದು ಆ ಬಟ್ಟೆಗೆ. ಇದನ್ನು ಮೊದಲೇ ಹೇಳದಿದ್ದರೆ, ಯಾರೋ ಬಟ್ಟೆ ಮರೆತುಹೋಗಿದ್ದಾರೆ ಅಂದುಕೊಳ್ಳುವವರಿದ್ದಾರೆ.

ನನ್ನ ಮಾತು ಎಲ್ಲದಕ್ಕೂ ಹೊಂದಲ್ಲ. 'ಒನ್ ಪೀಸ್' ಥರದ ಕಾಮಿಕ್ಸ್ ತೆಗೆದುಕೊಂಡು ಹೊಸದಾಗಿ ಮಾಡಿದ ಕಬುಕಿಗಳಿವೆ. ಅಲ್ಲಿ ನಿಮ್ಮಿಷ್ಟ. ಒಬ್ಬನೇ ಕೂತು ಕಥೆ ಹೇಳುವ ರಕುಗೋದಲ್ಲಿ ಎಲ್ಲ ಇರುವುದು ಕೊನೆಯ ಮಾತಿನಲ್ಲಿ. ಕತ್ಸುರಾ ಶಿಜಾಕು ಅನ್ನುವ ರಕುಗೋ ಕಲಾವಿದ 1980ರ ದಶಕದಲ್ಲಿ ಅದನ್ನು ಇಂಗ್ಲಿಷಿನಲ್ಲೇ ಹೇಳಲು ಶುರು ಮಾಡಿದ ಮೇಲೆ ಹೊಸಬರಿಗೆ ಸುಲಭವಾಗಿದೆ. ಅದರ ಕಥೆ ನೀವು ಕೇಳಿದರೂ ನಾನು ಹೇಳಲ್ಲ.

ಕಬುಕಿಗೆ ಬರುವುದಾದರೆ ಟೋಕಿಯೊದ ಗಿಂಜಾದಲ್ಲಿರುವ ಕಬುಕಿ-ಜಾ ರಂಗಮಂದಿರದಲ್ಲಿ ಒಂದೇ ಅಂಕಕ್ಕೆ ಟಿಕೆಟ್ ಕೊಡುತ್ತಾರೆ. ಮೊದಲ ಸಲಕ್ಕೆ ಅದು ಸಾಕು. ಸೀಟು ನಾಲ್ಕನೇ ಮಹಡಿಯಲ್ಲಿ, ಹನಮಿಚಿ ಪೂರ್ತಿ ಕಾಣಲ್ಲ. ಕ್ಯಾಪ್ಷನ್, ಟಿಕೆಟ್ ವ್ಯವಸ್ಥೆ ಆಗಾಗ ಬದಲಾಗುತ್ತದೆ, ಬರುವ ಮುಂಚೆ ಅವರ ವೆಬ್‌ಸೈಟ್ ನೋಡಿಕೊಳ್ಳಿ. ಕ್ಯಾಪ್ಷನ್ ತೆಗೆದುಕೊಳ್ಳಬೇಡಿ ಅಂತ ನಾನು ಹೇಳುತ್ತಿಲ್ಲ. ತೆಗೆದುಕೊಳ್ಳಿ, ತೊಡೆಯ ಮೇಲೆ ಇರಲಿ, ದಾರಿ ತಪ್ಪಿದಾಗ ಒಮ್ಮೆ ನೋಡಿ. ಮನೆಯಿಂದ ಹೊರಡುವ ಮೊದಲು ಮೂರು ವಿಷಯ ತಿಳಿದುಕೊಂಡಿರಿ: ಯಾರು ಯಾರಿಗೆ ಏನಾಗಬೇಕು, ಯಾರು ಏನನ್ನು ಮುಚ್ಚಿಡುತ್ತಿದ್ದಾರೆ, ಕೊನೆಗೆ ಏನಾಗುತ್ತದೆ. ಇಡೀ ಕಾರ್ಯಕ್ರಮಕ್ಕೆ ಬರುವವರು ಊಟಕ್ಕೂ ಯೋಚಿಸಿ. ಬಿಡುವಿನಲ್ಲಿ ಸೀಟಿನಲ್ಲೇ ಕೂತು ತಿನ್ನಬಹುದು. ಆದರೆ ಅಲ್ಲಿ ಮಾರುವ ಬೆಂಟೊ ಡಬ್ಬಿಯಲ್ಲಿ ತರಕಾರಿಯನ್ನೂ ಸಾಮಾನ್ಯವಾಗಿ ಮೀನಿನ ಸಾರಿನಲ್ಲೇ ಬೇಯಿಸಿರುತ್ತಾರೆ. ಸಸ್ಯಾಹಾರಿಗಳು ಪುಳಿಯೋಗರೆ ಕಟ್ಟಿಕೊಂಡು ಬರುವುದೇ ವಾಸಿ.